ಗುಡಾರ ಹೊಲಿಯುವವರು

ಲಕ್ಕೂರಿನ ಹತ್ತಿರದ ಆ ಕಾರ್ಖಾನೆಯಲ್ಲಿ ಹೊರದೇಶಕ್ಕೆ ಹೋಗುವ ಗುಡಾರಗಳನ್ನು ಹೊಲಿಯುತ್ತಾರೆ. ಮುನಿಲಕ್ಷ್ಮಿ ಒಂಬತ್ತು ವರ್ಷದಿಂದ ಅಲ್ಲಿ ಜಿಪ್ ಕೂರಿಸುತ್ತಿದ್ದಳು. ಆದರೆ ಅವಳಾಗಲಿ, ಅಲ್ಲಿನ ಬೇರೆ ಯಾರಾಗಲಿ ಒಂದು ದಿನವೂ ಗುಡಾರದಲ್ಲಿ ಮಲಗಿದವರಲ್ಲ. ಆ ಮಾತು ಎತ್ತಿದವಳು ಕಸ ಗುಡಿಸುವ ಮುದುಕಿ ಕದಿರಮ್ಮ. ತಿಂಗಳ ಕೊನೆಗೆ ಕೆಲಸ ಬಿಟ್ಟು ದೇವರಾಯಸಮುದ್ರಕ್ಕೆ, ಮಗಳ ಮನೆಗೆ ಹೊರಡುವವಳಿದ್ದಳು. ಇಷ್ಟು ವರ್ಷ ಇದರ ಚಿಂದಿ ಗುಡಿಸಿದ್ದಾಯಿತು, ಕಾಡಿನಲ್ಲಿ ಒಂದು ರಾತ್ರಿ ಇದರೊಳಗೆ ಮಲಗಿ ನೋಡಬೇಕು ಎಂದಳು.

ಉಳಿದವರು ನಕ್ಕು ಸುಮ್ಮನಾದರು. ಮುನಿಲಕ್ಷ್ಮಿ ಮಾತ್ರ ಫೋನು ಹಿಡಿದು ಕೂತಳು. ಅವಳ ಬೆರಳುಗಳ ಮೇಲೆ, ತುಟಿಯ ಅಂಚಿನಲ್ಲಿ ತೊನ್ನಿನ ಬಿಳಿ ಮಚ್ಚೆಗಳಿದ್ದವು. ಕಾರ್ಖಾನೆಯಲ್ಲಿ ಅವಳ ಊಟದ ಡಬ್ಬಿಗೆ ಕೈಹಾಕಿ ತಿನ್ನುತ್ತಿದ್ದವಳು ಕದಿರಮ್ಮ ಒಬ್ಬಳೇ.

ಮೈಸೂರಿನಾಚೆಯ ರಾಷ್ಟ್ರೀಯ ಉದ್ಯಾನದಲ್ಲಿ ಉಳಿಯಲು ಮೂರು ಬಗೆ ಇದ್ದವು: ಮರದ ಕಾಟೇಜು, ಸಾಲು ಹಾಸಿಗೆಯ ಡಾರ್ಮಿಟರಿ, ಇಬ್ಬಿಬ್ಬರು ಮಲಗುವ ಗುಡಾರ. ಸೂಪರ್‌ವೈಸರ್ ಶೋಭಾರಾಣಿಗೆ ಕಾಟೇಜು ಬೇಕಿತ್ತು. ಮುನಿಲಕ್ಷ್ಮಿ ಹಟ ಹಿಡಿದು, ಹೊರಡಲು ಒಪ್ಪಿದ ಆರು ಜನಕ್ಕೆ ಮೂರು ಗುಡಾರಗಳನ್ನು ತನ್ನ ಹೆಸರಿನಲ್ಲಿ ಕಾದಿರಿಸಿದಳು. ಬುಕ್ ಮಾಡಿದವರು ಅಸಲಿ ಆಧಾರ್ ಕಾರ್ಡ್ ತರಲೇಬೇಕು ಎಂದಿತ್ತು. ಹೊರಟ ದಿನ ಬೆಳಿಗ್ಗೆ ವ್ಯಾನಿನಲ್ಲಿ ಆ ಕಾರ್ಡನ್ನು ಬ್ಯಾಗಿನಿಂದ ತೆಗೆದು, ಅದರಲ್ಲಿನ ತನ್ನ ಫೋಟೊ ತೋರಿಸಿ ಕದಿರಮ್ಮನನ್ನು ನಗಿಸಿದಳು.

ಮಧ್ಯಾಹ್ನ, ಕಾಡಿನ ಗೇಟಿಗೆ ಎರಡು ಮೈಲಿ ಇರುವಾಗ ಟೀ ಕುಡಿಯಲು ನಿಲ್ಲಿಸಿದರು. ಮುನಿಲಕ್ಷ್ಮಿ ಕೈಕಾಲು ತೊಳೆದು ಅಂಗಡಿಯ ಹಿಂದಿನಿಂದ ಬರುತ್ತಿದ್ದಳು. ತಡಿಕೆಯ ಆಚೆ ಶೋಭಾರಾಣಿ ಯಾರು ಯಾರ ಜೊತೆ ಮಲಗಬೇಕೆಂದು ಹಂಚುತ್ತಿದ್ದಳು. ನನ್ನನ್ನು ಆ ಮುನಿಲಕ್ಷ್ಮಿ ಜೊತೆ ಹಾಕಬೇಡಿ ಎಂದು ಹೊಲಿಗೆಯ ಅನಿತ ಅನ್ನುತ್ತಿದ್ದಳು.

"ಮುದುಕೀನ ಹಾಕಣ ಬಿಡೇ. ಇನ್ನೆಷ್ಟು ದಿನ ಇರ್ತಾಳೆ, ಅಂಟಿದ್ರೆ ಅಂಟ್ಲಿ" ಎಂದಳು ಶೋಭಾರಾಣಿ.

ಎಲ್ಲರೂ ನಕ್ಕರು. ಕದಿರಮ್ಮ ಅಲ್ಲಿರಲಿಲ್ಲ. ದೂರದಲ್ಲಿ, ರಸ್ತೆಯಂಚಿನಲ್ಲಿ ನಿಂತು ಕಾಡಿನ ಕಡೆ ಕತ್ತು ಚಾಚಿ ನೋಡುತ್ತಿದ್ದಳು.

ಮುನಿಲಕ್ಷ್ಮಿ ಏನೂ ಕೇಳದವಳಂತೆ ಬಂದು ಟೀ ಕುಡಿದಳು. ಲೋಟ ಹಿಡಿದ ತನ್ನ ಬೆರಳುಗಳನ್ನೇ ನೋಡಿದಳು. ಆಮೇಲೆ ಬ್ಯಾಗಿನ ಜಿಪ್ಪನ್ನು ಕೊನೆಯವರೆಗೆ ಎಳೆದು ಮುಚ್ಚಿದಳು.

ಗೇಟಿನಲ್ಲಿ ಗಾರ್ಡ್ ಕಾರ್ಡ್ ಕೇಳಿದ. ಮುನಿಲಕ್ಷ್ಮಿ ಬ್ಯಾಗಿನಲ್ಲಿ ಕೈಯಾಡಿಸಿ, ಮನೆಯಲ್ಲೇ ಮರೆತು ಬಂದೆ ಎಂದಳು. ಶೋಭಾರಾಣಿ ಮೊದಲು ಗದರಿದಳು, ಆಮೇಲೆ ಗಾರ್ಡ್‌ನ ಮುಂದೆ ಕೈ ಮುಗಿದಳು. ಬುಕ್ ಮಾಡಿದವರ ಕಾರ್ಡ್ ಇಲ್ಲದೆ ಒಬ್ಬರನ್ನೂ ಬಿಡುವುದಿಲ್ಲ ಎಂದ ಅವನು. ಸೂಪರ್‌ವೈಸರಮ್ಮನ ಮುಖ ಬಾಡಿದ್ದನ್ನು ಮುನಿಲಕ್ಷ್ಮಿ ಕಣ್ತುಂಬ ನೋಡಿದಳು.

ಆಗ ಕದಿರಮ್ಮ ಅವಳ ಸೆರಗು ಹಿಡಿದು ಪಕ್ಕಕ್ಕೆ ಕರೆದೊಯ್ದಳು. ಬೇರೆಯವರಿಗೆ ಕೇಳಿಸದಂತೆ, "ಬ್ಯಾಗಲ್ಲೇ ಐತಲ್ಲ ತಾಯಿ, ಬೆಳಿಗ್ಗೆ ತೋರಿಸಿದ್ಯಲ್ಲ. ಇನ್ನೊಂದ್ಸಲ ಹುಡುಕು" ಎಂದಳು.

ನಿಜ ಹೇಳಬಹುದಿತ್ತು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅನ್ನಬಹುದಿತ್ತು. ಕಾರ್ಡು ತೆಗೆದರೆ ಶೋಭಾರಾಣಿಯೂ ಒಳಗೆ ಹೋಗುತ್ತಾಳೆ ಎಂಬುದೊಂದೇ ಮುನಿಲಕ್ಷ್ಮಿಯ ತಲೆಯಲ್ಲಿತ್ತು. ಆ ಬೇಡುವ ಕಣ್ಣುಗಳನ್ನು ಹೇಗಾದರೂ ದೂರ ತಳ್ಳಬೇಕಿತ್ತು.

"ನನ್ ಪಕ್ಕ ಯಾಕೆ ಮಲಗಿಸ್ತಿದ್ರು ಗೊತ್ತಾ ನಿನ್ನ? ಹೆಂಗೂ ಸಾಯೋ ಮುದುಕಿ, ತೊನ್ನು ಅಂಟಿದ್ರೂ ನಷ್ಟ ಇಲ್ಲ ಅಂತ. ಅದಕ್ಕೂ ಬರ್ತೀಯಾ?"

ಕದಿರಮ್ಮ ಸೆರಗು ಬಿಟ್ಟಳು. ಹೋಗಿ ವ್ಯಾನಿನ ಕೊನೆಯ ಸೀಟಿನಲ್ಲಿ ಕೂತಳು. ಕಾರ್ಡಿನ ವಿಷಯ ಯಾರಿಗೂ ಹೇಳಲಿಲ್ಲ. ಹಿಂದಿರುಗುವ ದಾರಿಯಲ್ಲಿ ಶೋಭಾರಾಣಿ ಮುನಿಲಕ್ಷ್ಮಿಯನ್ನು ಬಾಯಿಗೆ ಬಂದಂತೆ ಬಯ್ದಳು. ಮುದುಕಿ ಮಡಿಲಲ್ಲಿ ಬುತ್ತಿಯ ಗಂಟು ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಆ ಗಂಟನ್ನು ಯಾರೂ ಬಿಚ್ಚಲಿಲ್ಲ.

ಕೆಲಸದ ಕೊನೆಯ ದಿನ ಕದಿರಮ್ಮ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದಳು. ಮುನಿಲಕ್ಷ್ಮಿಗೂ ಕೊಟ್ಟಳು, ಕೈಗೆ ಕೈ ತಾಗದ ಹಾಗೆ, ಕಾಗದದ ಚೂರಿನ ಮೇಲಿಟ್ಟು. ಕದಿರಮ್ಮ ಹೆದರಿದ್ದಳೋ, ನೊಂದಿದ್ದಳೋ ಮುನಿಲಕ್ಷ್ಮಿಗೆ ತಿಳಿಯಲಿಲ್ಲ. ಕೇಳುವ ಮುಖವೂ ಅವಳಿಗಿರಲಿಲ್ಲ.

ಮುಂದಿನ ತಿಂಗಳು ಶೋಭಾರಾಣಿ ತನ್ನ ಹೆಸರಿನಲ್ಲೇ ಬುಕ್ ಮಾಡಿಸಿ, ಮುನಿಲಕ್ಷ್ಮಿಯನ್ನು ಬಿಟ್ಟು ಉಳಿದವರ ಜೊತೆ ಅದೇ ಕಾಡಿಗೆ ಹೋಗಿಬಂದಳು. ಅವರು ಗುಡಾರದ ಮುಂದೆ ಕೂತು ನಗುವ ಫೋಟೊಗಳು ಕಾರ್ಖಾನೆಯ ವಾಟ್ಸಾಪ್ ಗ್ರೂಪಿಗೆ ಬಂದವು. ಮುನಿಲಕ್ಷ್ಮಿ ಅವನ್ನು ಒಂದೊಂದಾಗಿ ನೋಡಿದಳು. ಆಮೇಲೆ ದೇವರಾಯಸಮುದ್ರಕ್ಕೆ ಫೋನು ಮಾಡಿದಳು. ಮಗಳು ಎತ್ತಿದಳು. ಯಾರು ಎಂದು ಕೇಳಿ, ಹೆಸರನ್ನು ಒಳಗೆ ಕೂಗಿ ಹೇಳಿದಳು. ಮತ್ತೆ ಫೋನಿಗೆ ಬಂದು, ಅಮ್ಮ ಮನೆಯಲ್ಲಿಲ್ಲ ಎಂದಳು.