ಗುರುವಾರದವರು

ನಿಂಗರಾಜು ಸಾರಾಯಿ ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದ. ಇನ್ನೇನು ಸತ್ತ ಅಣ್ಣನ ತುಟಿಯ ಮೇಲೆ ಬಗ್ಗಿಸಬೇಕು, ಅಷ್ಟರಲ್ಲಿ ಪುಟ್ಟಮಾದಮ್ಮ ಗಂಡನ ಬಾಯಿಗೆ ತನ್ನ ಅಂಗೈ ಅಡ್ಡ ಹಿಡಿದಳು.

“ಬ್ಯಾಡ ನಿಂಗರಾಜು.”

“ಕೈ ತಗಿ ಅತ್ಗೆ. ಇಷ್ಟಪಟ್ಟಿದ್ದ ಕೊಡ್ದೆ ಕಳಿಸಿದ್ರೆ ಜೀವ ಇಲ್ಲೇ ಸುತ್ತಾಡ್ತದೆ. ನಮ್ಮಪ್ಪನ ಬಾಯ್ಗೂ ಉಯ್ದಿರ್ನಿಲ್ವಾ?” ನಿಂಗರಾಜುವಿನ ಬಾಯಿಯೇ ಬೆಳಿಗ್ಗೆಯಿಂದ ಸಾರಾಯಿ ನಾರುತ್ತಿತ್ತು.

“ಇವ್ರು ಬುಟ್ಟಿದ್ರು ಕಣಪ್ಪ. ಮೂರು ವರ್ಸಾಯ್ತು.”

ಚಪ್ಪರದ ಕೆಳಗಿದ್ದ ಹರವೆ ಊರಿನ ಜನ ಮುಖ ಮುಖ ನೋಡಿಕೊಂಡರು. ತಮಟೆಯವರು ಕೈ ನಿಲ್ಲಿಸಿದರು. ನಾಗಯ್ಯ ಕುಡಿತ ಬಿಟ್ಟಿದ್ದನೆಂದರೆ ಊರು ಹೇಗೆ ನಂಬೀತು? ಮಾದಪ್ಪನ ಬೆಟ್ಟದಲ್ಲಿ ಆಣೆ ಇಟ್ಟು, ಇಳಿದು ಬರುವಾಗಲೇ ಕೊಳ್ಳೇಗಾಲದಲ್ಲಿ ಕುಡಿದ ಆಸಾಮಿ ಅವನು. ಗುರುವಾರ ಬಂತೆಂದರೆ ಅರಿಶಿನದ ಹೊಲದ ಕೂಲಿಯನ್ನು ಅರ್ಧಕ್ಕೇ ಬಿಟ್ಟು ಗುಂಡ್ಲುಪೇಟೆ ಬಸ್ಸು ಹತ್ತುತ್ತಿದ್ದುದನ್ನು ಎಲ್ಲರೂ ಕಂಡಿದ್ದರು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ.

“ಮನೇಲಿ ಬುಟ್ಟಿದ್ದ, ಪ್ಯಾಟೇಲಿ ಕುಡೀತಿದ್ದ,” ಎಂದರು ಊರ ಹಿರಿಯ ಗುರುಮಲ್ಲಯ್ಯ. ದನಿಯಲ್ಲಿ ಕೆಡುಕಿರಲಿಲ್ಲ. “ಸತ್ತೋನ್ ಮ್ಯಾಲೆ ಏನವ್ವ ಸಿಟ್ಟು? ಉಯ್ಯಲಿ ಬುಡು.”

ಆ ಗುರುವಾರಗಳ ವಿಷಯ ಯಾರಿಗೂ ಹೇಳಬಾರದೆಂದು ಗಂಡ ಪುಟ್ಟಮಾದಮ್ಮನಲ್ಲಿ ಕೇಳಿಕೊಂಡಿದ್ದ. ಒಂದು ತೊಟ್ಟು ಒಳಗೆ ಹೋದರೂ ಅವನು ಪಟ್ಟ ಪಾಡೆಲ್ಲ ಅವನಿಗಿಂತ ಮೊದಲೇ ಮಣ್ಣುಪಾಲಾಗುತ್ತದೆ ಎಂದು ಅವಳಿಗೆ ಸಂಕಟವಾಯಿತು. ಅವಳು ಕೈ ತೆಗೆಯಲಿಲ್ಲ.

*

ಮೂರು ವರ್ಷದ ಹಿಂದೆ ಚಾಮರಾಜನಗರದ ಡಾಕ್ಟರೊಬ್ಬರು ನಾಗಯ್ಯನಿಗೆ, “ಗುಂಡ್ಲುಪೇಟೆಯಲ್ಲಿ ಕುಡಿತ ಬಿಟ್ಟೋರು ಗುರುವಾರ ಸೇರ್ತಾರಂತೆ, ಹೋಗಿ ನೋಡು” ಎಂದಿದ್ದರು. ಎಲ್ಲಿ ಎಂಬುದು ಅವರಿಗೂ ಗೊತ್ತಿರಲಿಲ್ಲ. ನಾಗಯ್ಯ ಬಸ್ಸಿಳಿದು, ನಾಚಿಕೆಯಲ್ಲಿ ಅರ್ಧ ಮಾತು ನುಂಗಿ, ಟೀ ಅಂಗಡಿಯವನನ್ನು “ಕುಡುಕ್ರು ಸೇರೋ ಜಾಗ ಎಲ್ಲದೆ?” ಎಂದು ಕೇಳಿದ. ಅವನು ಬ್ರಾಂದಿ ಅಂಗಡಿ ತೋರಿಸಿದ. ಪಾಪ, ಅವನ ತಪ್ಪೇನೂ ಇಲ್ಲ. ನಾಗಯ್ಯ ಕುಡಿದೇ ಊರಿಗೆ ಮರಳಿದ. ಮುಂದಿನ ವಾರವೂ ಅದೇ ಕತೆ.

ಆಮೇಲೊಂದು ಗುರುವಾರ ಆ ಬ್ರಾಂದಿ ಅಂಗಡಿಯ ಒಳಗೂ ಹೋಗದೆ ಹಿಂದಕ್ಕೂ ತಿರುಗದೆ ಬೀದಿಯಲ್ಲೇ ನಿಂತಿದ್ದಾಗ, ಎದುರಿನ ಹಾಸಿಗೆ ಅಂಗಡಿಯಿಂದ ಹಿದಾಯತ್ ಉಲ್ಲಾ ಕರೆದ. ಅವನ ಗಡ್ಡಕ್ಕೆಲ್ಲ ಹತ್ತಿ ಮೆತ್ತಿಕೊಂಡಿತ್ತು.

“ಬನ್ನಿ, ಕೂತ್ಕೊಳ್ಳಿ. ಆ ಬಾಗ್ಲಲ್ಲಿ ನಾನೂ ಹಿಂಗೇ ನಿಂತಿದ್ದೆ.”

ಅಂಗಡಿಯ ಹಿಂದಿನ ಕೋಣೆಯಲ್ಲಿ, ಹತ್ತಿ ಮೂಟೆಗಳ ನಡುವೆ ಒಂದಷ್ಟು ಜನ ಕೂತಿದ್ದರು. ಒಬ್ಬೊಬ್ಬರಾಗಿ ಹೆಸರು ಹೇಳಿ ‘ನಾನು ಕುಡುಕ’ ಅನ್ನುವುದು, ಉಳಿದವರು ಒಟ್ಟಾಗಿ ನಮಸ್ಕಾರ ಹೇಳುವುದು. ಆ ಮಾತಿಗೆ ಬೈಗುಳ, ಒದೆ ಎಲ್ಲ ತಿಂದಿದ್ದ ನಾಗಯ್ಯನಿಗೆ ನಮಸ್ಕಾರ ಸಿಕ್ಕಿದ್ದು ಅವತ್ತೇ. ಮನೆಗೆ ಬಂದು ಹೆಂಡತಿಯ ಮುಂದೆ ಕೂತು ಅತ್ತ.

“ಇನ್ನು ಆಣೆ ಗೀಣೆ ಇಡಲ್ಲ ಕಣಮ್ಮಿ. ಇವತ್ತೊಂದಿನ ಕುಡ್ಯಲ್ಲ. ನಾಳೀದು ನಾಳೆ. ಅಲ್ಲಿಗೆ ಬರೋರ ಸುದ್ದಿ ಮಾತ್ರ ಆಚ್ಗೆ ಬುಡಬ್ಯಾಡ. ಗೊತ್ತಾದ್ರೆ ಇನ್ನೊಬ್ಬ ಬರಕ್ಕೆ ನಾಚ್ಕತಾನೆ.”

ಬಿಡುವ ಹೊತ್ತಿಗೆ ಲಿವರ್ ಅರ್ಧ ಹೋಗಿತ್ತು. ಉಳಿದರ್ಧದಲ್ಲಿ ಅವನು ಮೂರು ವರ್ಷ ಮರ್ಯಾದೆಯಿಂದ ಬಾಳಿದ.

*

ಪುಟ್ಟಮಾದಮ್ಮ ಬೆಳಿಗ್ಗೆ ಗುಂಡ್ಲುಪೇಟೆಯ ಹಾಸಿಗೆ ಅಂಗಡಿಗೆ ಫೋನು ಮಾಡಿಸಿದ್ದಳು. ಈಗ ಬಸ್ಸಿಳಿದು ನಾಲ್ವರು ಹಾರ ಹಿಡಿದು ಬಂದರು. ಮುಂದಿದ್ದ ಹಿದಾಯತ್, ಹರಿದ ಪಾಕೀಟನ್ನೂ ಅವಳ ಅಡ್ಡಗೈಯನ್ನೂ ಕಂಡು ಅಲ್ಲೇ ನಿಂತ.

“ಯಾರಪ್ಪ ನೀವು? ನಮ್ಮಣ್ಣ ನಿಮ್ಗೆಂಗೆ ಗೊತ್ತು?” ಎಂದ ನಿಂಗರಾಜು.

ನಾಗಯ್ಯನ ಗುಟ್ಟು ಹೇಳುವ ಹಕ್ಕು ಹಿದಾಯತ್‌ಗಿರಲಿಲ್ಲ. ತನ್ನದನ್ನು ಹೇಳಬಹುದಿತ್ತು. ಚಪ್ಪಲಿ ಬಿಟ್ಟು, ಕೈಮುಗಿದ.

“ನನ್ನ ಹೆಸ್ರು ಹಿದಾಯತ್. ನಾನು ಕುಡುಕ. ಕುಡೀದೆ ಇರೋಕೆ ಅಂತ ಗುರುವಾರ ನಮ್ಮಂಗ್ಡೀಲಿ ಸೇರ್ತೀವಿ.”

ಚಪ್ಪರದಲ್ಲಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಹಿಂದಿದ್ದವರೊಬ್ಬರು ಮುಂದೆ ಬಂದರು. ಉಡಿಗಾಲದ ಸೋಮಯ್ಯ ಮೇಷ್ಟ್ರು. ಅಲ್ಲಿ ಕೂತಿದ್ದ ಅನೇಕರ ಮಕ್ಕಳಿಗೆ ಅಕ್ಷರ ಕಲಿಸಿದವರು.

“ನಾನು ಸೋಮಯ್ಯ. ಕುಡುಕ,” ಎಂದರು. ಆಮೇಲೆ ಯಾರೂ ನಗಲಿಲ್ಲ.

ಪುಟ್ಟಮಾದಮ್ಮ ಗಂಡನ ಮುಖ ನೋಡಿದಳು. ಮದುವೆಯಾದಂದಿನಿಂದ ಅವನ ಹೆಸರನ್ನು ಅವಳು ಬಾಯಲ್ಲಿ ಆಡಿದವಳಲ್ಲ.

“ಇವ್ರ ಹೆಸ್ರು ನಾಗಯ್ಯ,” ಎಂದಳು. “ಕುಡುಕ್ರು. ಇವತ್ತು ಕುಡ್ದಿಲ್ಲ.”

“ನಮಸ್ಕಾರ ನಾಗಯ್ಯ,” ಎಂದರು ನಾಲ್ವರೂ ಒಟ್ಟಿಗೆ.

ಆಗ ಅವಳು ಕೈ ತೆಗೆದಳು. ಯಾರೂ ಏನನ್ನೂ ಉಯ್ಯಲಿಲ್ಲ. ಗುರುಮಲ್ಲಯ್ಯ ತಮಟೆಯವರಿಗೆ ಸನ್ನೆ ಮಾಡಿದರು, ಜನ ಹೆಣ ಎತ್ತಿದರು. ನಿಂಗರಾಜು ಒಂದು ಕೈಯಲ್ಲಿ ಚಟ್ಟದ ಬಿದಿರು ಹಿಡಿದು ಅಣ್ಣನಿಗೆ ಹೆಗಲು ಕೊಟ್ಟ. ಇನ್ನೊಂದು ಕೈಯಲ್ಲಿ ಪಾಕೀಟು ಹಾಗೇ ಇತ್ತು. ಒಂದು ತೊಟ್ಟೂ ಆಚೆ ಬರದಂತೆ, ಹರಿದ ಮೂಲೆಯನ್ನು ಹೆಬ್ಬೆರಳಲ್ಲಿ ಅದುಮಿ ಹಿಡಿದು, ಗುಂಡಿಯವರೆಗೂ ನಡೆದ.