ಗಾಳೆಮ್ಮ ತೆಗೆದುಕೊಂಡ ಬೋಧೆ

ಆದೆಪ್ಪನ ಜೀವ ಹೋಗಲೊಲ್ಲದು. ಎದೆಬೇನೆಯಿಂದ ಮಲಗಿದವನು ಅಂಬಲಿ ಬಿಟ್ಟ, ನೀರು ಬಿಟ್ಟ. ಕಣ್ಣು ಮಾತ್ರ ಬಾಗಿಲು ಬಿಡಲಿಲ್ಲ. ಯಾರ ಹಾದಿ ನೋಡುತ್ತಿದ್ದಾನೆಂದು ಹೆಂಡತಿ ಗಾಳೆಮ್ಮನಿಗೆ ಗೊತ್ತಿತ್ತು.

ಆದೆಪ್ಪ ಬಯಲು ಬೋಧೆ ತೆಗೆದುಕೊಂಡವನು. ಅವನ ಮುತ್ತಜ್ಜನ ಕಾಲಕ್ಕೆ ಸಾಧು ಒಬ್ಬ ಆನೆಗೊಂದಿಯ ಗುಂಡುಗಲ್ಲುಗಳ ನಡುವೆ ಕೂತು, ಕುರುಬ, ಬ್ಯಾಡ, ಪಿಂಜಾರ ಎನ್ನದೆ ಬಂದವರ ಕಿವಿಯಲ್ಲಿ ಒಂದೊಂದು ಗುಟ್ಟಿನ ಮಾತು ಹೇಳಿ, ಎಲ್ಲರಿಗೂ ಒಂದೇ ಗಂಗಾಳದಲ್ಲಿ ಉಣ್ಣಿಸಿದ್ದನಂತೆ. ಅಂದಿನಿಂದ ಬೋಧೆಯವರೆಲ್ಲ ಅಣ್ಣತಮ್ಮಂದಿರು. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದು. ದೇಹ ಮಣ್ಣಿನದು, ಹೆಸರು ಊರಿನದು, ಮಾತು ಬಯಲಿನದು. ಸಾಯುವವನು ಅದನ್ನು ಬೋಧೆಯವನೊಬ್ಬನ ಕಿವಿಗೆ ಒಪ್ಪಿಸಿಯೇ ಹೋಗಬೇಕು. ಒಪ್ಪಿಸದವನ ಉಸಿರಿಗೆ ಹಾದಿ ಸಿಗುವುದಿಲ್ಲ ಎಂದು ಆದೆಪ್ಪ ನಂಬಿದ್ದ.

ಆದರೆ ಅದು ರಜಾಕಾರರ ಗದ್ದಲದ ಮಳೆಗಾಲ. ಬೋಧೆಯವರೆಲ್ಲ ಹೆಂಡರು ಮಕ್ಕಳನ್ನು ಕಟ್ಟಿಕೊಂಡು ತುಂಗಭದ್ರೆ ದಾಟಿ ಹೋಗಿದ್ದರು. ಉಳಿದವನು ಹುಲಿಹೈದರದ ಪಿಂಜಾರ ಮೌಲಪ್ಪ ಒಬ್ಬನೇ. ಗಾಳೆಮ್ಮ ನಸುಕಿನಲ್ಲಿ ನಡೆದು ಹೋಗಿ ಕರೆದಳು. ಮುದುಕ ಅರಳೆ ಹಿಂಜುವ ಬಿಲ್ಲನ್ನು ಗೋಡೆಗೆ ಆನಿಸಿ ಎದ್ದು ಬಂದ.

ಊರ ಹೆಬ್ಬಾಗಿಲ ಅಗಸೆಯಲ್ಲಿ ಕವಣೆ, ಕೊಡಲಿ ಹಿಡಿದು ಕಾವಲು ನಿಂತವರಿಗೆ ಆದೆಪ್ಪನ ತಮ್ಮ ದುರುಗಪ್ಪನೇ ಮುಂದಾಳು. ಮೌಲಪ್ಪನ ಸಾಬರ ಗಡ್ಡ ಕಂಡದ್ದೇ ಅವನು ಅಡ್ಡ ನಿಂತ. ಇಡೀ ಊರಿನ ಗಾದಿಗೆ ಅರಳೆ ಹಿಂಜಿ ಕೊಟ್ಟ ಮುದುಕ ಇವನು, ಇವನಿಗೇನು ಹೆದರಿಕೆ ಎಂದು ಗಾಳೆಮ್ಮ ಕೇಳಿದಳು. ಮೈದುನನ ಕಾಲು ಹಿಡಿಯಲು ಬಾಗಿದಳು. ಅವನು ಕಾಲು ಹಿಂದೆಗೆದನೇ ಹೊರತು ದಾರಿ ಬಿಡಲಿಲ್ಲ.

"ಅಣ್ಣ ಇವರ ಗಂಗಾಳದಾಗ ಉಂಡದ್ದು ಸಾಕು ಅತ್ತಿಗೆವ್ವಾ," ಎಂದ. "ಸಾಯೂ ಮುಂದರ ನಮ್ಮಾಂವ ಆಗಿ ಸಾಯ್ಲಿ."

ಹಾಗಾದರೆ ನೀನೇ ಬೋಧೆ ತೆಗೆದುಕೊಂಡು ಅಣ್ಣನ ಮಾತು ಕೇಳು ಎಂದು ಅವಳು ಅಂಗಲಾಚಿದಳು. ಅವನು ಪಕ್ಕಕ್ಕೆ ಉಗುಳಿದ.

ಅಗಸೆಯ ಹೊರಗೆ ತುಸು ದೂರದ ಬೇವಿನ ಕೆಳಗೆ ಮೌಲಪ್ಪ ಕುಸಿದು ಕೂತ. ಬೋಧೆ ನನಗೇ ಕೊಡು, ನಾನೇ ಹೋಗಿ ಕೇಳುತ್ತೇನೆ ಎಂದಳು ಗಾಳೆಮ್ಮ. ಮುದುಕ ಅವಳ ಕೊರಳಿನ ತಾಳಿಯತ್ತ ಕೈತೋರಿದ.

"ಕೊಡಬಹುದು ತಂಗಿ. ಆದ್ರ ಬೋಧಿಯವರು ಒಡಹುಟ್ಟಿದವರು. ತಗೊಂಡ್ ಮ್ಯಾಲ ನೀ ಅವನ ಹೆಣ್ತಿ ಅಲ್ಲ. ತಾಳಿ, ಬಳಿ ಇಲ್ಲೇ ಇಳೀಬೇಕು. ಅಂವ ಹ್ವಾದ್ರ ಗಂಡ ಹ್ವಾದಾ ಅಂತ ನೀ ಅಳಂಗಿಲ್ಲ."

ಗಾಳೆಮ್ಮನಿಗೆ ಹಳೆಯ ಮಾತೊಂದು ಆಗ ಅರ್ಥವಾಯಿತು. ಮದುವೆಯಾದ ಹೊಸತರಲ್ಲಿ ನನಗೂ ಬೋಧೆ ಕೊಡಿಸಿರೆಂದು ಕೇಳಿದ್ದಳು. ಮನೆಗೆ ಒಬ್ಬ ಬಯಲಾದರೆ ಸಾಕು, ಇಬ್ಬರೂ ಬಯಲಾದರೆ ರೊಟ್ಟಿ ಬಡಿಯುವವರು ಯಾರು ಎಂದು ಆದೆಪ್ಪ ನಕ್ಕು ತಳ್ಳಿಹಾಕಿದ್ದ.

ಅವಳು ಬಳೆಗಳನ್ನು ಬೇವಿನ ಬೇರಿಗೆ ಕುಟ್ಟಿದಳು. ತಾಳಿ ಬಿಚ್ಚಿ ಮುದುಕನ ಮುಂದಿಟ್ಟಳು.

"ನೀ ಯಾರು?" ಎಂದು ಮೌಲಪ್ಪ ಕೇಳಿದ. ಆದೆಪ್ಪನ ಹೆಂಡತಿ ಎಂದಳು, ಅವನು ಅಲ್ಲವೆಂದು ತಲೆಯಾಡಿಸಿದ. ಗಾಳೆಮ್ಮ ಎಂದಳು, ಅದೂ ಅಲ್ಲ ಎಂದ.

"ಯಾರೂ ಅಲ್ಲ ಯಪ್ಪಾ. ಲಗೂನ ಕೊಡು, ಅಂವ ಒದ್ದಾಡಾಕತ್ಯಾನ."

ಮುದುಕ ಅವಳ ಕಿವಿಗೆ ಬಾಗಿದ.

ಬೋಳು ಕೈಯಲ್ಲಿ ಬಂದವಳನ್ನು ಕಂಡು ಕಾವಲಿನವರು, ಸುದ್ದಿ ಹೇಗೋ ಅವಳಿಗೆ ಮುಟ್ಟಿದೆ, ಆದೆಪ್ಪ ತೀರಿಯೇ ಹೋದನೆಂದು ತಿಳಿದು ತಲೆ ತಗ್ಗಿಸಿದರು. ದುರುಗಪ್ಪ ಬಾಯಿಗೆ ಟವೆಲ್ಲು ಒತ್ತಿಕೊಂಡ. ಅವಳು ನಿಲ್ಲಲಿಲ್ಲ.

ಆದೆಪ್ಪ ಮೊದಲು ನೋಡಿದ್ದು ಅವಳ ಕೊರಳು. ಬಳೆ ಚೂರು ಗೀರಿದ ಮುಂಗೈಯನ್ನು ಹಿಡಿದುಕೊಂಡ. ಏನು ನಡೆಯಿತೆಂದು ಯಾರೂ ಹೇಳಬೇಕಾಗಲಿಲ್ಲ. ಅವಳು ಅವನ ಬಾಯಿಗೆ ಕಿವಿ ಹಚ್ಚಿ, ಒಪ್ಪಿಸು ಎಂದಳು. ಅವನು ತುಟಿ ಬಿಗಿದ. ಮತ್ತೆ ಬೇಡಿದಳು. ಮೌಲಪ್ಪ ಕಾಯುತ್ತಿದ್ದಾನೆ, ಇದಕ್ಕಾಗಿಯೇ ಎಲ್ಲ ಇಳಿಸಿ ಬಂದೆ, ಹೇಳು ಎಂದು ಅವನ ಭುಜ ಅಲುಗಿಸಿದಳು.

"ಒಲ್ಲೆ," ಎಂದ ಆದೆಪ್ಪ. ದನಿ ಉಸಿರಿನಷ್ಟೇ ಇತ್ತು. "ನಿನ್ನ ಬಿಟ್ಟು ಯಾವ ಬಯಲು ನನಗ? ಬಳಿ ಇಟ್ಕೊ, ಹೋಗು."

ಮನೆಯಲ್ಲಿ ಬಳೆ ಇರಲಿಲ್ಲ. ಪಕ್ಕದ ಮನೆಯ ಕಸ್ತೂರೆಮ್ಮನ ಕೈಯಿಂದ ಎರಡು ಬಳೆ ಕಿತ್ತುಕೊಂಡಂತೆ ತಂದು, ಏರಿಸಿಕೊಳ್ಳುತ್ತಲೇ ಒಳಗೆ ಬರುವಷ್ಟರಲ್ಲಿ ಅವನ ಉಸಿರು ಹೋಗಿ ಕಣ್ಣುಗಳು ಬಾಗಿಲಲ್ಲಿ ನಿಂತುಬಿಟ್ಟಿದ್ದವು. ಅವನ ಬೋಧೆಯ ಮಾತು ಯಾರ ಕಿವಿಗೂ ಸೇರಲಿಲ್ಲ.

ಅವಳು ಅಗಸೆಗೆ ಹೋದಳು. ಮೌಲಪ್ಪ ಬೇವಿನ ಕೆಳಗೆ ಎದ್ದು ನಿಂತಿದ್ದ. ಒಪ್ಪಿಸಿದನೇ ಎಂದು ಅಷ್ಟು ದೂರದಿಂದಲೇ ಕೇಳಿದ. ಗಾಳೆಮ್ಮ ಸೆರಗಿನಲ್ಲಿ ಬಳೆಯ ಕೈ ಮುಚ್ಚಿಕೊಂಡು, ಹೂಂ ಎಂದಳು. ಮುದುಕ ಬಯಲಿಗೆ ಕೈಮುಗಿದು, ಕಣ್ಣೊರೆಸಿಕೊಂಡು ಹುಲಿಹೈದರದ ಹಾದಿ ಹಿಡಿದ.

ಅವನು ತಿರುವಿನಲ್ಲಿ ಮರೆಯಾಗುವವರೆಗೆ ಅವಳು ಹಲ್ಲು ಕಚ್ಚಿ ನಿಂತಿದ್ದಳು. ಆಮೇಲೆ ನೆಲಕ್ಕೆ ಕೂತು, ಗಂಡನೇ ಎಂದು ಎದೆ ಬಡಿದುಕೊಂಡು ಅತ್ತಳು.