ಬಣ್ಣಗಾರ ಕೊಂಡ ಕ್ಷೌರದ ಕತ್ತಿ

ಬಣ್ಣಗಾರನಿಗೆ ಕ್ಷೌರದ ಕತ್ತಿ ಬೇಕಾಗಿ ಬಂದದ್ದು ಶೋಕಿಗಲ್ಲ, ಹೊಟ್ಟೆಪಾಡಿಗೆ. ಬಸ್ಸು ಲಾರಿಗಳ ಹೊರಮೈ ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಅವನು ಬಣ್ಣ ಹೊಡೆಯುತ್ತಿದ್ದ. ಅದಕ್ಕೆಂದೇ ಒಂದು ಕೋಣೆ ಇತ್ತು. ದೊಡ್ಡ ದೊಡ್ಡ ಫ್ಯಾನುಗಳು, ಒಂದು ಗಾಜಿನ ಬಾಗಿಲು. ಒಳಗೆ ಹೋಗುವವನು ಮೂಗು ಬಾಯಿ ಮುಚ್ಚುವ ರಬ್ಬರಿನ ಮಾಸ್ಕು ಹಾಕಿಕೊಳ್ಳಬೇಕು. ಅದರ ಅಂಚು ಚರ್ಮಕ್ಕೆ ಕಚ್ಚಿಕೊಂಡು ಕೂರಬೇಕು. ನಡುವೆ ಗಡ್ಡದ ಕೂಳೆ ಇದ್ದರೆ ಸಂದಿಯಿಂದ ಬಣ್ಣದ ಆವಿ ನುಗ್ಗಿ ನೇರ ಎದೆಗೆ ಇಳಿಯುತ್ತದೆ.

ಅವನ ತೊಂದರೆ ಇದ್ದದ್ದೇ ಗಡ್ಡದಲ್ಲಿ. ಕೂದಲು ಗುಂಗುರು, ಚರ್ಮ ನಾಜೂಕು. ಎಲ್ಲರಂತೆ ಎರಡು ಮೂರು ಅಲಗಿನ ಬ್ಲೇಡಿನಲ್ಲಿ ಹೆರೆದುಕೊಂಡರೆ ಮಾರನೆಯ ದಿನವೇ ಕತ್ತಿನ ತುಂಬ ಕೆಂಪು ಗುಳ್ಳೆ ಏಳುತ್ತಿದ್ದವು. ಕತ್ತರಿಸಿದ ಕೂದಲು ಹೊರಗೆ ಬರುವ ಬದಲು ತಿರುಚಿಕೊಂಡು ಒಳಗೇ ಬೆಳೆಯುತ್ತಿತ್ತು. ಹಾಗಾಗಿ ಅವನು ಗುಳ್ಳೆ ಆರುವವರೆಗೆ ಕಾದು, ಆಮೇಲೆ ಹೆರೆದುಕೊಳ್ಳುತ್ತಿದ್ದ. ಹಳೆಯ ಮೇಲ್ವಿಚಾರಕ ಕಂಡೂ ಕಾಣದ ಹಾಗೆ ಇದ್ದುಬಿಟ್ಟಿದ್ದ.

ಹೊಸ ಮೇಲ್ವಿಚಾರಕ ಬಂದವನು ಹಾಗಿರಲಿಲ್ಲ. ಬಂದ ವಾರವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮಾಸ್ಕು ಹಾಕಿಸಿ, ತಲೆಯ ಮೇಲೊಂದು ಪ್ಲಾಸ್ಟಿಕ್ ಮುಸುಕು ಇಳಿಬಿಟ್ಟು, ಅದರೊಳಗೆ ಕಹಿ ದ್ರಾವಣವೊಂದನ್ನು ಸಿಂಪಡಿಸಿ, ನಾಲಿಗೆಗೆ ಕಹಿ ತಾಗಿತೇ ಎಂದು ಕೇಳಿದ. ತಾಗಿದರೆ ಮಾಸ್ಕು ಸೋರುತ್ತಿದೆ ಎಂದರ್ಥ. ಬಣ್ಣಗಾರ ಇಲ್ಲ ಎಂದು ತಲೆಯಾಡಿಸಬೇಕು ಅಂದುಕೊಂಡಿದ್ದ. ಅಷ್ಟರಲ್ಲಿ ಮುಖ ತಾನಾಗಿಯೇ ಕಿವುಚಿಕೊಂಡಿತು. ಪಕ್ಕದಲ್ಲಿ ನಿಂತಿದ್ದ ವೆಲ್ಡರ್ ಬಿದ್ದು ಬಿದ್ದು ನಕ್ಕ. ಮೇಲ್ವಿಚಾರಕ ನಗಲಿಲ್ಲ. ಮುಖ ನುಣ್ಣಗಾಗುವವರೆಗೆ ಬಣ್ಣದ ಕೋಣೆಗೆ ಕಾಲಿಡಬೇಡ ಎಂದು ಹೇಳಿ, ಅವನನ್ನು ತಗಡು ಉಜ್ಜುವ ಕಡೆಗೆ ಹಾಕಿದ. ನೀರು ಚಿಮುಕಿಸುತ್ತ, ವಾಟರ್ ಪೇಪರ್ ಎಂಬ ಉಜ್ಜುಕಾಗದದಲ್ಲಿ ಬಸ್ಸಿನ ಪಕ್ಕೆಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ತಿಕ್ಕುವ ಕೆಲಸ. ಕಲಿಯುವವರು ಮಾಡುವ ಕೆಲಸ ಅದು, ಕೂಲಿಯೂ ಕಡಿಮೆ.

ಚರ್ಮದ ಡಾಕ್ಟರಮ್ಮ ಅವನ ಕತ್ತನ್ನು ದೀಪದ ಕೆಳಗೆ ತಿರುಗಿಸಿ ನೋಡಿ ಎರಡು ದಾರಿ ಹೇಳಿದರು. ಗಡ್ಡ ಬಿಡುವುದು ಒಂದು. ಅದಾಗದಿದ್ದರೆ ಒಂದೇ ಅಲಗಿನ ಹಳೆಯ ಕಾಲದ ಕತ್ತಿಯಲ್ಲಿ, ಕೂದಲು ಬೆಳೆದ ದಿಕ್ಕಿಗೇ, ಒಂದೇ ಸಲ ಎಳೆದು ಬಿಟ್ಟುಬಿಡುವುದು. ಮುಲಾಮು ಬರೆದುಕೊಟ್ಟರು. ಕತ್ತಿ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದವರು ಮನೆಯವರಲ್ಲೇ ಇದ್ದರು ಅನ್ನಬೇಕು. ಬಣ್ಣಗಾರನ ಅತ್ತೆ, ಅಂದರೆ ಹೆಂಡತಿಯ ತಾಯಿ, ಕ್ಷೌರದ ಅಂಗಡಿ ನಡೆಸುತ್ತಿದ್ದರು. ಗಂಡನಿಂದ ಕೆಲಸ ಕಲಿತು, ಅವನು ತೀರಿಕೊಂಡ ಮೇಲೆ ಅಂಗಡಿ ಮುಚ್ಚದೆ ತಾವೇ ಕುರ್ಚಿಯ ಹಿಂದೆ ನಿಂತವರು. ಹೆಂಗಸಿನ ಕೈಗೆ ಕತ್ತು ಕೊಡುವುದೇ ಎಂದು ಮೊದಲು ಮೂಗು ಮುರಿದವರು ಈಗ ಬೆಂಚಿನ ಮೇಲೆ ಕಾದು ಕೂರುತ್ತಿದ್ದರು. "ಅಮ್ಮನ್ನ ಒಂದು ಮಾತು ಕೇಳ್ರೀ," ಎಂದಳು ಹೆಂಡತಿ. ಬಣ್ಣಗಾರ ಕಿವಿಗೆ ಹಾಕಿಕೊಳ್ಳಲಿಲ್ಲ.

ಅತ್ತೆ ಅಳಿಯನ ನಡುವೆ ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಮುಗಿದಾದರೂ ಹೋಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವನು ಅತ್ತೆಯ ಅಂಗಡಿಯಲ್ಲಿ ತಲೆಗೂದಲು ಕತ್ತರಿಸಿಕೊಂಡು ದುಡ್ಡು ಕೊಡಲು ಹೋದ. ಅವರು ಬೆಂಚಿನ ಮೇಲಿದ್ದವರೆಲ್ಲ ನೋಡುತ್ತಿರುವಂತೆ ಆ ದುಡ್ಡನ್ನು ಅವನ ಜೇಬಿಗೇ ತುರುಕಿ ಕಳಿಸಿದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಬಣ್ಣಗಾರ ದೊಡ್ಡಪ್ಪನ ಮನೆಯಲ್ಲಿ ಬೆಳೆದವನು. ತಿಂದ ತುತ್ತು, ತೊಟ್ಟ ಬಟ್ಟೆ ಎಲ್ಲವನ್ನೂ ಆ ಮನೆಯಲ್ಲಿ ಎತ್ತಿ ಆಡಿ ತೋರಿಸುತ್ತಿದ್ದರು. ಇನ್ನೊಬ್ಬರ ಹಂಗು ಎಂದರೆ ಅವನಿಗೆ ಮೈಮೇಲೆ ಕೆಂಡ ಸುರಿದ ಹಾಗೆ. ಮುಂದಿನ ಸಲ ಅವನು ರಸ್ತೆಯ ಎದುರು ಬದಿಯ ಅಂಗಡಿಗೆ ಹೋದ. ಅತ್ತೆಯ ಕನ್ನಡಿಯಲ್ಲಿ ಆ ಅಂಗಡಿಯ ಬಾಗಿಲು ನಿಚ್ಚಳವಾಗಿ ಕಾಣುತ್ತದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಅಂದಿನಿಂದ ಅವರು ಅವನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು. ಅಲ್ಲಿಯವರೆಗೆ "ಬಾರೋ, ಊಟ ಮಾಡು" ಎನ್ನುತ್ತಿದ್ದವರು "ಬನ್ನಿ, ಊಟ ಮಾಡಿ" ಅಂದರೆ ಅದಕ್ಕಿಂತ ದೊಡ್ಡ ಬೈಗುಳ ಬೇಕಿಲ್ಲ.

ಹೀಗಾಗಿ ಬಣ್ಣಗಾರ ಒಬ್ಬನೇ ಚಾಕು ಕತ್ತರಿ ಮಾರುವ ಅಂಗಡಿಗೆ ಹೋದ. ಗಾಜಿನ ಪೆಟ್ಟಿಗೆಯಲ್ಲಿ ಮೂರು ಬಗೆಯ ಕತ್ತಿಗಳಿದ್ದವು. ಮೊದಲನೆಯದು ಫಳಫಳ ಹೊಳೆಯುತ್ತಿತ್ತು, ಒಂದು ಅಂಗಿಯ ಬೆಲೆಗೆ ಸಿಗುತ್ತಿತ್ತು. ಎರಡನೆಯದು ಕಪ್ಪು ಹಿಡಿಯದು, ನೋಡಲು ಸಾದಾ. ಅದಕ್ಕೆ ಅವನ ಒಂದು ವಾರದ ಕೂಲಿ. ಮೂರನೆಯದರ ಹಿಡಿ ಕೊಂಬಿನದು, ಮಲಗಿಸಿಡಲು ಮಖಮಲ್ಲಿನ ಹಾಸಿಗೆ ಬೇರೆ. ಅದರ ಬೆಲೆಗೆ ಮನೆಯ ಬಾಡಿಗೆ ಕಟ್ಟಿ ಮುಗಿಸಬಹುದಿತ್ತು. ಕತ್ತಿ ಕುತ್ತಿಗೆ ಮುಟ್ಟುವ ಮೊದಲೇ ಬೆಲೆ ಕುತ್ತಿಗೆ ಕೊಯ್ಯುವ ಹಾಗಿದೆ ಎಂದು ಬಣ್ಣಗಾರ ಅಂದ. ಅಂಗಡಿಯವನು ಆ ಮಾತನ್ನು ಎಷ್ಟು ಸಲ ಕೇಳಿದ್ದನೋ, ಸುಮ್ಮನೆ ಗಾಜು ಒರೆಸಿದ.

ಬಣ್ಣಗಾರ ಬಹಳ ಹೊತ್ತು ನಿಂತ. ಅವನು ಜಿಪುಣನಲ್ಲ, ಆದರೆ ಕೈ ಬಿಗಿ. ಗಡ್ಡವೇನು ಬಸ್ಸಿನ ತಗಡೇ, ಯಾವ ಕತ್ತಿಯಾದರೂ ಕೂದಲು ಕತ್ತರಿಸಲೇಬೇಕಲ್ಲ ಎಂದು ತನಗೆ ತಾನೇ ವಾದ ಹೂಡಿ, ಅಂಗಿಯ ಬೆಲೆಯದನ್ನೇ ಕೊಂಡು ಬಂದ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ಥಾನು ಕತ್ತರಿಸುವ ಕೆಲಸದ ಹೆಂಡತಿ ಅದನ್ನು ಬಿಚ್ಚಿ, ಹೆಬ್ಬೆರಳು ಸವರಿ, ಮಡಿಚಿಟ್ಟಳು.

ಮಾರನೆಯ ಬೆಳಿಗ್ಗೆ ಬಚ್ಚಲಿನಿಂದ ಬಂದವನ ಗದ್ದದ ಮೇಲೆ ಒಂದು ಕಡೆ, ದವಡೆಯ ಕೆಳಗೆ ಇನ್ನೊಂದು ಕಡೆ ರಕ್ತ ಇಳಿಯುತ್ತಿತ್ತು. ಕತ್ತಿ ಕೂದಲನ್ನು ಕತ್ತರಿಸುತ್ತಿರಲಿಲ್ಲ, ಕೀಳುತ್ತಿತ್ತು. ಕಣ್ಣಲ್ಲಿ ನೀರು ಬಂದಿತ್ತು. ಎರಡು ಪಟ್ಟಿ ಅಂಟಿಸಿಕೊಂಡು ಕೆಲಸಕ್ಕೆ ಹೋದರೆ, ಪಟ್ಟಿಯ ಮೇಲೆ ಮಾಸ್ಕು ಕೂರುವುದಿಲ್ಲ ಎಂದು ಮೇಲ್ವಿಚಾರಕ ಮತ್ತೆ ಉಜ್ಜುವುದಕ್ಕೇ ಕಳಿಸಿದ. ರಾತ್ರಿ ಯಾರ ಜೊತೆ ಹೊಡೆದಾಟ ಎಂದು ವೆಲ್ಡರ್ ಕೇಳಿದ. ಬಣ್ಣಗಾರ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿದ.

ಗಾಯ ಒಣಗುವ ಹೊತ್ತಿಗೆ ಅವನಿಗೆ ಇನ್ನೊಂದು ಹುಚ್ಚು ಹಿಡಿದಿತ್ತು. ಅಗ್ಗದ್ದನ್ನು ತಂದದ್ದೇ ತಪ್ಪು, ತಂದರೆ ಎಲ್ಲಕ್ಕಿಂತ ಮೇಲಿನದನ್ನೇ ತರಬೇಕು. ಬಣ್ಣದ ಕೋಣೆಯ ಕೂಲಿ ಮತ್ತೆ ಬಂದರೆ ಅದು ತಾನಾಗಿ ತೀರುತ್ತದೆ. ಹೆಂಡತಿ ಇದಕ್ಕೂ ಬೇಡ ಎನ್ನಲಿಲ್ಲ. ಕಟ್ಟಬೇಕಾದ ಬಾಡಿಗೆಯನ್ನು ಮಾತ್ರ ಡಬ್ಬಿಯಿಂದ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಬಣ್ಣಗಾರ ತನ್ನ ಉಳಿತಾಯದ ದುಡ್ಡು ಹಿಡಿದು ಅಂಗಡಿಗೆ ಹೋಗಿ ಮಖಮಲ್ಲಿನ ಪೆಟ್ಟಿಗೆ ತೆಗೆಸಿದ.

ಕತ್ತಿ ನಿಜಕ್ಕೂ ಚೆನ್ನಾಗಿತ್ತು. ಕೈಯಲ್ಲಿ ಹಿಡಿದರೆ ತೂಕ ಹಿತವಾಗಿತ್ತು. ದುಡ್ಡು ಎಣಿಸುವ ಮುಂಚೆ, ನಾಳೆ ಬೆಳಿಗ್ಗೆಯೇ ಬಳಸಬಹುದಲ್ಲ ಎಂದು ಕೇಳಿದ. ಅಂಗಡಿಯವನು ಅವನ ಮುಖವನ್ನೇ ನೋಡಿದ.

"ಸಾಣೆ ಹಿಡಿಸ್ದೆ ಹೇಗೆ ಬಳಸ್ತೀರಿ? ಕಾರ್ಖಾನೆಯಿಂದ ಬರೋದು ಬರೀ ಆಕಾರ. ಅಲಗಿಗೆ ಜೀವ ಬರೋದು ಕಲ್ಲಿನ ಮೇಲೆ. ಹೋದ ಸಲ ತಗೊಂಡು ಹೋದ್ರಲ್ಲ, ಅದನ್ನೂ ಹಾಗೇ ಹಚ್ಕೊಂಡ್ರಾ?"

ಬಣ್ಣಗಾರ ಗದ್ದ ಸವರಿಕೊಂಡ. ಸಾಣೆ ಎಲ್ಲಿ ಹಿಡಿಯುತ್ತಾರೆ ಎಂದು ಕೇಳಿದ. ಮೊದಲು ಬಹಳ ಜನ ಇದ್ದರು, ಈಗ ಎಲ್ಲರೂ ಬಿಸಾಡುವ ಬ್ಲೇಡಿಗೆ ಬಿದ್ದಿದ್ದಾರೆ, ಸರಿಯಾಗಿ ಬಲ್ಲವರು ಉಳಿದಿರುವುದು ಒಬ್ಬರೇ ಎಂದು ಹೇಳಿ ಅಂಗಡಿಯವನು ಗುರುತು ಕೊಟ್ಟ. ಕೊಟ್ಟ ಗುರುತು ಅತ್ತೆಯ ಅಂಗಡಿಯದು. ಆಯಮ್ಮ ಸ್ವಲ್ಪ ಖಡಕ್ಕು, ಆದರೆ ಕೈ ಮಾತ್ರ ಚಿನ್ನ ಎಂದೂ ಸೇರಿಸಿದ.

ಬಣ್ಣಗಾರ ಕತ್ತಿಯನ್ನು ಮಖಮಲ್ಲಿನ ಮೇಲೆ ಮಲಗಿಸಿ, ಆಮೇಲೆ ಬರುತ್ತೇನೆ ಎಂದು ಹೊರಬಿದ್ದ. ಮನೆಯವರೆಗೂ ತನ್ನನ್ನು ತಾನೇ ಬೈದುಕೊಂಡ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. ಅವಳು ನಗು ಬಂದರೂ ತಡೆದುಕೊಂಡಳು. ಅಮ್ಮನಿಗೆ ತಾನು ಹೇಳುವುದಿಲ್ಲ, ಹೋಗುವುದಾದರೆ ಅವನೇ ಹೋಗಬೇಕು ಎಂದಳು.

ರಜೆಯ ದಿನ ಅವನು ಅಗ್ಗದ ಕತ್ತಿಯನ್ನು ಜೇಬಿಗೆ ಹಾಕಿಕೊಂಡು ಹೋದ. ಅಂಗಡಿ ತುಂಬಿತ್ತು. ಅಳಿಯ ಎಂದು ನುಗ್ಗದೆ, ಬೆಂಚಿನ ತುದಿಯಲ್ಲಿ ಕೂತ. ಅತ್ತೆ ಕನ್ನಡಿಯಲ್ಲಿ ನೋಡಿದರು, ನೋಡಲಿಲ್ಲ ಎನ್ನುವಂತೆ ಕೆಲಸ ಮುಂದುವರಿಸಿದರು. ಒಬ್ಬೊಬ್ಬರಾಗಿ ಎದ್ದು ಹೋಗಿ ಅವನ ಸರದಿ ಬಂದಾಗ ಕುರ್ಚಿಯನ್ನು ಟವೆಲಿನಿಂದ ಕೊಡವಿ, "ಮುಂದಿನವರು ಬನ್ನಿ," ಎಂದರು.

ಕೂತು ಕತ್ತಿಯನ್ನು ಮುಂದೆ ಹಿಡಿದ. ಅತ್ತೆ ಬಿಚ್ಚಿ ಬೆಳಕಿಗೆ ಹಿಡಿದರು. ಅವನ ತಲೆಯಿಂದ ಒಂದು ಕೂದಲನ್ನು ಪಟ್ಟನೆ ಕಿತ್ತು ಅಲಗಿಗೆ ತಾಗಿಸಿದರು. ಕೂದಲು ಬಾಗಿತು, ತುಂಡಾಗಲಿಲ್ಲ. ಇದಕ್ಕೆ ಸಾಣೆ ಹಿಡಿದರೂ ಅಲಗು ನಿಲ್ಲುವುದಿಲ್ಲ, ಉಕ್ಕು ಮೆತ್ತಗಿದೆ, ಸಾಬೂನು ತುಂಡು ಮಾಡಲು ಬಳಸಬಹುದು ಎಂದರು. ಬಣ್ಣಗಾರ ಡಾಕ್ಟರು ಹೇಳಿದ್ದು, ಮಾಸ್ಕು, ಕಹಿ ದ್ರಾವಣ, ಮಖಮಲ್ಲಿನ ಪೆಟ್ಟಿಗೆ ಎಲ್ಲವನ್ನೂ ಹೇಳಿದ. ಅತ್ತೆ ಅವನ ಗದ್ದವನ್ನು ಎತ್ತಿ ಕತ್ತಿನ ಕಲೆಗಳನ್ನು ನೋಡಿದರು. ನೋಡುತ್ತಿದ್ದ ಹಾಗೆ ಅವರ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು.

"ಎದುರು ಅಂಗಡಿಯವನಿಗೆ ಇಷ್ಟು ವರ್ಷ ಕತ್ತು ಕೊಟ್ರಲ್ಲ, ಅವನು ಒಂದು ದಿನಾನೂ ಇದು ಏನು ಅಂತ ಕೇಳ್ಲಿಲ್ವಾ?"

"ಅಲ್ಲಿ ಬರೀ ತಲೆಗೂದಲು ಅತ್ತೆ," ಎಂದ ಬಣ್ಣಗಾರ. ಆಮೇಲೆ, ಹೇಗೂ ಬಾಯಿ ಬಿಟ್ಟಾಯಿತು ಎಂದುಕೊಂಡು, "ನೀವು ದುಡ್ಡು ತಗೊಳ್ಲಿಲ್ಲ. ಅದಕ್ಕೇ ಬರೋಕೆ ಆಗ್ಲಿಲ್ಲ," ಎಂದ.

ಬೆಂಚಿನ ಮೇಲೆ ಕೂತವರು ಪತ್ರಿಕೆಯ ಹಾಳೆ ತಿರುವುವುದನ್ನೂ ನಿಲ್ಲಿಸಿದ್ದರು. ಅತ್ತೆ ಬ್ರಷ್ಷಿನಲ್ಲಿ ನೊರೆ ಎಬ್ಬಿಸುತ್ತಾ ಇದ್ದರು.

"ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು? ಎರಡರಷ್ಟು ತಗೋತಿದ್ದೆ."

ಯಾರೋ ನಕ್ಕರು. ಅತ್ತೆ ಅವನ ಮುಖಕ್ಕೆ ನೊರೆ ಬಳಿದು, ತಮ್ಮ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಹಿಂದೆ ಮುಂದೆ ಸವರಿ, ಅವನ ಬಲಗೆನ್ನೆಗೆ ಇಟ್ಟರು. ಬಣ್ಣಗಾರ ತಲೆಯನ್ನು ಹಿಂದಕ್ಕೆ ಒರಗಿಸಿದ. ಇಷ್ಟು ವರ್ಷ ಮುನಿದಿದ್ದ ಅತ್ತೆಯ ಕೈಯಲ್ಲಿ ತೆರೆದ ಕತ್ತಿ, ಅದರ ಕೆಳಗೆ ತನ್ನ ಗಂಟಲು. ಆದರೆ ಅಲಗು ತಾಗಿದ್ದು ಗೊತ್ತಾಗಲಿಲ್ಲ. ಒಣ ಎಲೆ ಸರಿದ ಹಾಗೆ ಒಂದು ಸದ್ದು ಮಾತ್ರ. ಬಲಬದಿ ಮುಗಿದ ಮೇಲೆ ಅವರು ಕತ್ತಿಯನ್ನು ಅವನ ಕೈಗೇ ಕೊಟ್ಟು, ಎಡಬದಿ ನೀವೇ ಮಾಡಿಕೊಳ್ಳಿ ಎಂದರು. ಚರ್ಮವನ್ನು ಇನ್ನೊಂದು ಕೈಯಲ್ಲಿ ಎಳೆದು ಹಿಡಿಯಬೇಕು, ಕತ್ತಿ ಮಲಗಿದ ಹಾಗಿರಬೇಕು, ಒತ್ತಬಾರದು. ಅವನು ಕಿವಿಯ ಕೆಳಗೆ ಕತ್ತಿಯನ್ನು ನೆಟ್ಟಗೆ ಎತ್ತಿ ಹಿಡಿದುಬಿಟ್ಟ.

"ಹಾಗಲ್ವೋ, ಕೊಯ್ಕೋತೀಯ! ಮಲಗ್ಸು ಅದನ್ನ," ಎಂದು ಅತ್ತೆ ಅವನ ಮಣಿಕಟ್ಟು ಹಿಡಿದು ತಿರುಗಿಸಿದರು. ಏಕವಚನ ಜಾರಿದ್ದು ಇಬ್ಬರಿಗೂ ಗೊತ್ತಾಯಿತು. ಯಾರೂ ಅದನ್ನು ತಿದ್ದಲಿಲ್ಲ.

ಮುಖ ತೊಳೆದ ಮೇಲೆ ಅವನು ಕತ್ತಿಯ ವಿಷಯ ಮತ್ತೆ ಎತ್ತಿದ. ಅಂಗಡಿಯಲ್ಲಿದ್ದ ಮೂರರ ಬೆಲೆ ಹೇಳಿ, ಎಷ್ಟರದ್ದು ಕೊಳ್ಳಲಿ ಎಂದು ನೇರವಾಗಿ ಕೇಳಿದ. ಅತ್ತೆ ಯೋಚಿಸದೆಯೇ ನಡುವಿನದು ಎಂದರು. ಮೇಲಿನದಕ್ಕೂ ಅದಕ್ಕೂ ಉಕ್ಕು ಒಂದೇ, ಹೆಚ್ಚಿನ ದುಡ್ಡೆಲ್ಲ ಹಿಡಿಗೆ ಹೋಗುತ್ತದೆ, "ಹಿಡಿಯಲ್ಲಿ ಗಡ್ಡ ಹೋಗಲ್ಲ." ಉಳಿಯುವ ದುಡ್ಡಿನಲ್ಲಿ ಒಳ್ಳೆಯ ಚರ್ಮದ ಪಟ್ಟಿ ತಗೋ, ದಿನಾ ಅದರ ಮೇಲೆ ಸವರು, ಸಾಣೆಗೆ ಇಲ್ಲಿಗೆ ತಾ ಎಂದರು. ಅಂದಿನ ಕ್ಷೌರಕ್ಕೆ ಅವನು ದುಡ್ಡು ಕೊಟ್ಟಾಗ ಅದರಲ್ಲಿ ಅರ್ಧವನ್ನು ವಾಪಸು ಕೊಟ್ಟರು. ಬಣ್ಣಗಾರ ಮುಖ ಗಂಟಿಕ್ಕಿದ.

"ಅರ್ಧ ಮುಖ ನಾನು ಮಾಡಿದ್ದು, ಅರ್ಧ ನೀನು. ಮಾಡ್ದೆ ಇರೋ ಕೆಲಸಕ್ಕೆ ನಾನು ಕೂಲಿ ತಗೊಳ್ಳಲ್ಲ," ಎಂದರು ಅತ್ತೆ. ಅವನು ಆ ಅರ್ಧ ದುಡ್ಡನ್ನು ತೆಗೆದುಕೊಂಡ.

ನಡುವಿನ ಕತ್ತಿ ಮನೆಗೆ ಬಂತು. ಅತ್ತೆ ಅದಕ್ಕೆ ಸಾಣೆ ಹಿಡಿದು ಕೊಟ್ಟರು, ಕೂಲಿ ಪೂರ್ತಿ ಎಣಿಸಿಕೊಂಡರು. ಕೈ ಪಳಗುವವರೆಗೆ ಬಚ್ಚಲು ಬಹಳ ಹೊತ್ತು ಅವನದೇ ಆಯಿತು, ಹೆಂಡತಿ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಳು. ಸಣ್ಣಪುಟ್ಟ ಗೀರು ಬಿದ್ದವು, ಗುಳ್ಳೆ ಏಳಲಿಲ್ಲ. ಮೇಲ್ವಿಚಾರಕ ಮತ್ತೆ ದ್ರಾವಣ ಸಿಂಪಡಿಸಿದಾಗ ಬಣ್ಣಗಾರ ಮುಸುಕಿನೊಳಗೆ ಆರಾಮವಾಗಿ ಉಸಿರಾಡುತ್ತ ನಿಂತಿದ್ದ. ಆ ವಾರವೇ ಬಣ್ಣದ ಕೋಣೆಗೆ ಮರಳಿದ.

ಸಾಣೆಗೆಂದು ಹೋಗಿ ಬರುವಾಗ ಅವನು ಒಂದು ವಿಷಯ ಗಮನಿಸಿದ. ಕಲ್ಲಿನ ಮೇಲೆ ಕತ್ತಿ ತಿರುಗಿಸುವಾಗ ಅತ್ತೆ ನಡುನಡುವೆ ನಿಲ್ಲಿಸಿ ಬಲಗೈ ಮಣಿಕಟ್ಟನ್ನು ಹಿಸುಕಿಕೊಳ್ಳುತ್ತಿದ್ದರು. ವಿಚಾರಿಸಿದರೆ ವಯಸ್ಸು ಎಂದರು. ಕತ್ತರಿ ಹಿಡಿಯಲು ತೊಂದರೆಯಿಲ್ಲ, ಕಲ್ಲಿನ ಕೆಲಸ ಮಾತ್ರ ಆಗುತ್ತಿಲ್ಲ. ಹೊರಗಿನವರ ಕತ್ತಿಗಳನ್ನು ಇನ್ನು ಮುಂದೆ ಬೇಡ ಎನ್ನಬೇಕು ಎಂದುಕೊಂಡಿದ್ದರು.

ಬಣ್ಣಗಾರ ಕಲ್ಲನ್ನು ಬೆರಳಿನಿಂದ ಸವರಿ ನೋಡಿದ. ಒರಟಿನಿಂದ ನಯಕ್ಕೆ, ನೀರು ಬಿಟ್ಟುಕೊಂಡು, ಒತ್ತಡ ಕಡಿಮೆ ಮಾಡುತ್ತಾ ಹೋಗುವುದು. ತಗಡು ಉಜ್ಜಿದ ಕೈಗೆ ಇದು ತೀರಾ ಹೊಸತಲ್ಲ ಅನ್ನಿಸಿತು. ನಾನು ಮಾಡಿ ನೋಡಲೇ ಎಂದ. ಅತ್ತೆ ಗಿರಾಕಿಯ ಕತ್ತಿ ಕೊಡಲಿಲ್ಲ, ತಮ್ಮ ಹಳೆಯದೊಂದನ್ನು ಕೊಟ್ಟರು. ಮೊದಲ ಸಲ ಅಲಗಿನ ತುದಿ ಹಾಳು ಮಾಡಿದ. ಎರಡನೆಯ ಸಲ ಇನ್ನೂ ಸ್ವಲ್ಪ ಎಂದು ವಾಪಸು ಕೊಟ್ಟರು. ರಜೆಯ ದಿನಗಳಲ್ಲಿ ಅವನು ಬೆಂಚಿನ ಪಕ್ಕದ ಸ್ಟೂಲಿನ ಮೇಲೆ ಕೂತು ಕಲ್ಲು ಒದ್ದೆ ಮಾಡಿಕೊಂಡು ತಿಕ್ಕುತ್ತಿದ್ದ. ಅತ್ತೆ ಬೇರೆಯವರ ತಲೆಗೂದಲು ಕತ್ತರಿಸುತ್ತಲೇ ಸದ್ದು ಕೇಳಿ, "ಒತ್ತಬೇಡ," ಎನ್ನುತ್ತಿದ್ದರು.

ಒಂದು ದಿನ ಅವನು ಸಾಣೆ ಹಿಡಿದು ಕೊಟ್ಟ ಕತ್ತಿಯನ್ನು ಅವರು ಬೆಳಕಿಗೆ ಹಿಡಿದು ನೋಡಿದರು, ತಮ್ಮ ಮುಂಗೈ ಮೇಲೆ ಒಂದು ಸಲ ಎಳೆದರು. ಅಲ್ಲಿದ್ದ ಸಣ್ಣ ಕೂದಲು ನುಣ್ಣಗೆ ಉದುರಿತು. ಕುರ್ಚಿಯಲ್ಲಿ ದಪ್ಪ ಕತ್ತಿನ ಗಿರಾಕಿಯೊಬ್ಬ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿದ್ದ. ಅತ್ತೆ ಅದೇ ಕತ್ತಿಯನ್ನು ಪಟ್ಟಿಯ ಮೇಲೆ ಸವರಿ, ಅವನ ಗದ್ದವನ್ನು ಮೇಲೆತ್ತಿ, ಕೆಲಸ ಶುರು ಮಾಡಿದರು.